ಸಂತೆಯಲ್ಲಿ ಮಲಗಿದವನು

ಮೂವತ್ತಾರು ವರ್ಷಗಳ ಅಧ್ಯಾಪನ ವೃತ್ತಿಯಲ್ಲಿ ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಎಷ್ಟು ಬಾರಿ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟಿದ್ದೇನೆ ಎಂಬುದಕ್ಕೆ ಲೆಕ್ಕವಿಲ್ಲ. ‘ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ. ಅಂಕ ಮೂರು.’ ನೀವೆಲ್ಲರೂ ಬರೆದಿದ್ದೀರಿ. ಮೊದಲಿಗೆ ಗಾದೆ ವೇದಕ್ಕೆ ಸಮಾನವೆಂಬ ಒಂದು ಸಾಲು, ಬಳಿಕ ಚಿಂತೆಗೂ ಚಿತೆಗೂ ಇರುವುದು ಒಂದೇ ಸೊನ್ನೆಯ ಅಂತರವೆಂಬ ಇನ್ನೊಂದು ಸಾಲು (ಅದನ್ನು ಬರೆಸಿದವನು ನಾನೇ), ಕೊನೆಗೆ ‘ಆದುದರಿಂದ ನಾವು ಚಿಂತೆಯನ್ನು ಬಿಡಬೇಕು’ ಎಂಬ ತೀರ್ಪು. ಇಷ್ಟಿದ್ದರೆ ನಾನು ಮೂರಕ್ಕೆ ಮೂರು ಕೊಡುತ್ತಿದ್ದೆ.

ಜಗಳೂರಿನಲ್ಲಿ ಒಬ್ಬ ಹುಡುಗ ಮಾತ್ರ ಬೇರೆಯಾಗಿ ಬರೆದಿದ್ದ. ಅದು ನಾನು ಕೆಲಸಕ್ಕೆ ಸೇರಿದ ಹೊಸತು, 1972–73ರ ಬರಗಾಲದ ದಿನಗಳು. ಸಂತೆಯಲ್ಲಿ ಮಲಗಿದವನಿಗೆ ಚಿಂತೆಯಿಲ್ಲ ಎಂಬುದು ಸುಳ್ಳು, ಅವನು ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಬಂದಿರುತ್ತಾನೆ, ಎತ್ತುಗಳಿಗೆ ಗಿರಾಕಿ ಸಿಗದೆ ಕಾದು ಕಾದು ಸೋತು ಗಾಡಿಯ ಕೆಳಗೆ ಒರಗಿರುತ್ತಾನೆ, ನಮ್ಮ ಅಪ್ಪನೂ ಹಾಗೆಯೇ ಮಲಗಿದ್ದ ಎಂದು ನಾಲ್ಕು ಸಾಲು. ನಾನು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಬರೆದು ಒಂದು ಅಂಕ ಕೊಟ್ಟೆ. ಆ ಹುಡುಗನ ಹೆಸರು ನೆನಪಿಲ್ಲ. ಉತ್ತರ ಮಾತ್ರ ಐವತ್ತು ವರ್ಷಗಳ ನಂತರವೂ, ಅದರಲ್ಲಿಯೂ ರಾತ್ರಿ ಎರಡೂವರೆಯ ಹೊತ್ತಿಗೆ, ಸ್ಪಷ್ಟವಾಗಿ ನೆನಪಿಗೆ ಬರುತ್ತದೆ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಕಳೆದೊಂದು ವರ್ಷದಿಂದ ನಿಮ್ಮಲ್ಲಿ ಯಾರೇ ದೂರವಾಣಿಯಲ್ಲಿ ಮಾತನಾಡಿದರೂ ಕುಶಲ ಪ್ರಶ್ನೆ ಮುಗಿದ ಬಳಿಕ ಬರುವ ಮಾತು ನಿದ್ದೆಯದು. ಬೆಂಗಳೂರಿನಲ್ಲಿ ಅಮೆರಿಕದ ವೇಳೆಗೆ ದುಡಿಯುವ ಶಿಷ್ಯ, ಮಗಳ ಬಾಣಂತನಕ್ಕೆಂದು ಹೊರದೇಶಕ್ಕೆ ಹೋಗಿ ಬಂದ ನಾದಿನಿ, ಚನ್ನಗಿರಿಯಲ್ಲೇ ತೋಟ ನೋಡಿಕೊಂಡಿರುವ ನನ್ನ ತಮ್ಮನ ಮಗ, ಎಲ್ಲರದೂ ಒಂದೇ ದೂರು. ದೂರಿನ ಬೆನ್ನಿಗೇ ಒಂದು ವಿವರಣೆಯೂ ಸಿದ್ಧವಾಗಿರುತ್ತದೆ: ‘ಏನ್ಮಾಡೋದು ಸಾರ್, ಈಗಿನ ಜೀವನಾನೇ ಹಂಗಿದೆ. ನಿಮ್ಮ ಕಾಲದೋರು ಪುಣ್ಯವಂತರು, ತಲೆ ಇಟ್ಟ ಕೂಡಲೇ ನಿದ್ದೆ.’

ನಮ್ಮ ಕಾಲದವರು ತಲೆ ಇಟ್ಟ ಕೂಡಲೇ ನಿದ್ರಿಸುತ್ತಿದ್ದರು ಎಂಬುದನ್ನು ನಾನು ಒಪ್ಪಲಾರೆ. ಬರದ ವರ್ಷದ ಜಗಳೂರು ಸೀಮೆಯಲ್ಲಿ, ಸಾಲ ಕೊಟ್ಟವನು ಬೆಳಿಗ್ಗೆ ಬಾಗಿಲಿಗೆ ಬರುತ್ತಾನೆಂದು ತಿಳಿದ ಮನೆಯಲ್ಲಿ ಯಾರು ನಿದ್ರಿಸುತ್ತಿದ್ದರು? ಕಟ್ಟೆಯ ಮೇಲೆ ಕುಳಿತು ಬೀಡಿ ಸೇದುತ್ತ ಬೆಳ್ಳಿ ಮೂಡುವುದನ್ನು ಕಾಯುತ್ತಿದ್ದ ಗಂಡಸರನ್ನು ನಾನೇ ನೋಡಿದ್ದೇನೆ. ಹೆಂಗಸರು ಒಳಗೆ ಏನು ಮಾಡುತ್ತಿದ್ದರೆಂದು ಯಾರೂ ಕೇಳಲಿಲ್ಲ. ರಾತ್ರಿಯನ್ನು ಜಾವಗಳಾಗಿ ಹಂಚಿ ಪ್ರತಿಯೊಂದು ಜಾವಕ್ಕೂ ಒಂದೊಂದು ಗುರುತಿಟ್ಟುಕೊಂಡ ಜನ, ಆ ಹೊತ್ತಿನಲ್ಲಿ ಎಚ್ಚರವಾಗಿದ್ದವರೇ ಅಲ್ಲವೆ? ಯೂರೋಪಿನಲ್ಲಿಯೂ ಹಿಂದೆ ಜನ ಒಂದು ನಿದ್ದೆ ಮುಗಿಸಿ, ನಡುರಾತ್ರಿಯಲ್ಲಿ ಎದ್ದು, ತುಸು ಹೊತ್ತು ಬೆಂಕಿ ಕೆದಕಿ, ಮಾತನಾಡಿ, ಮತ್ತೆ ಎರಡನೆಯ ನಿದ್ದೆಗೆ ಹೋಗುತ್ತಿದ್ದರೆಂದು ಅಮೆರಿಕದ ಇತಿಹಾಸಕಾರ ರೋಜರ್ ಎಕಿರ್ಚ್ 2005ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಎಂಟು ಗಂಟೆಗಳ ಒಂದೇ ಉಂಡೆಯಾದ ನಿದ್ದೆ ಸನಾತನವಾದುದೆಂದು ಭಾವಿಸಿ, ಅದು ಸಿಗಲಿಲ್ಲವೆಂದು ಕೊರಗುವವರು ಇದನ್ನು ನೆನಪಿಡಬಹುದು.

ಹಾಗೆಂದು ಈ ಕಾಲಕ್ಕೇ ಸೇರಿದ ನಿದ್ರಾಭಂಗ ಇಲ್ಲವೆಂದಲ್ಲ. ಜಗಳೂರಿನ ಕಡೆ ಕೊಳವೆಬಾವಿ ನೆಚ್ಚಿದ ರೈತನಿಗೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಪಾಳಿ ರಾತ್ರಿಯದಾದರೆ ಅವನು ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಬೇಕು, ಮೋಟರು ಚಾಲೂ ಮಾಡಿ ನೀರು ತಿರುವಬೇಕು. ಹಾವಿನ ಭಯ, ಕರಡಿಯ ಭಯ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ ಎಂದರೆ ಕಾರ್ಖಾನೆಯ ಪಾಳಿಗಿಂತ ಏನೂ ಕಡಿಮೆಯಿಲ್ಲ. ನಮ್ಮ ಚನ್ನಗಿರಿಯಲ್ಲಿ ಅಡಕೆ ಕೊಯ್ಲಿನ ದಿನಗಳಲ್ಲಿ ಸುಲಿಯುವುದು, ಬೇಯಿಸುವುದು ರಾತ್ರಿಯವರೆಗೂ ನಡೆಯುತ್ತದೆ. ಧಾರಣೆ ಏರಿದ ವರ್ಷ ಕಣದಲ್ಲಿ ಹರವಿದ ಅಡಕೆಗೆ ಕಾವಲೂ ಬೇಕು. ಇಂಥವರಿಗೆ ‘ಮಲಗುವ ಮೊದಲು ಬೆಚ್ಚಗಿನ ಹಾಲು ಕುಡಿಯಿರಿ, ಮೊಬೈಲ್ ದೂರವಿಡಿ’ ಎಂದು ಉಪದೇಶಿಸುವುದು ಹಾಸ್ಯಾಸ್ಪದ. ಅವರ ನಿದ್ದೆಯ ಮದ್ದು ಇರುವುದು ವಿದ್ಯುತ್ ಸರಬರಾಜಿನ ವೇಳಾಪಟ್ಟಿಯಲ್ಲಿ. ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲೇ ಸೌರ ವಿದ್ಯುತ್ ಕೊಡುವ ಕುಸುಮ್ ಯೋಜನೆಯನ್ನು ಜನ ವಿದ್ಯುತ್ ಉಳಿತಾಯದ ಯೋಜನೆಯೆಂದು ತಿಳಿದಿದ್ದಾರೆ. ನಾನಂತೂ ಅದನ್ನು ಆರೋಗ್ಯ ಇಲಾಖೆಯ ಯೋಜನೆಯೆಂದೇ ಎಣಿಸುತ್ತೇನೆ.

ಇನ್ನು ನಿದ್ದೆಗೆಡಿಸಿದವರ ಪಟ್ಟಿಯಲ್ಲಿ ನನ್ನ ಹೆಸರೂ ಬರಬೇಕು. ನ್ಯಾಮತಿಯ ನನ್ನ ವಿದ್ಯಾರ್ಥಿಗಳು ಈ ಸಾಲನ್ನು ಓದುವಾಗ ನಗುತ್ತಿರಬಹುದು. ಆಗ ಅದು ಹೊನ್ನಾಳಿ ತಾಲ್ಲೂಕಿನ ಹೋಬಳಿ, ಈಗ ಅದೇ ಒಂದು ತಾಲ್ಲೂಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಹೆಚ್ಚಿಸಬೇಕೆಂಬ ಹಟದಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಬೆಳಗಿನ ನಾಲ್ಕೂವರೆಗೆ ಸೈಕಲ್ಲಿನಲ್ಲಿ ಹೊರಟು ನಿಮ್ಮ ಮನೆಗಳ ಬಾಗಿಲು ಬಡಿಯುತ್ತಿದ್ದೆ. ದೀಪ ಹತ್ತಿದ ಮೇಲೆಯೇ ಮುಂದಿನ ಮನೆ. ನಿಮ್ಮ ತಂದೆತಾಯಂದಿರು ನನ್ನನ್ನು ಹರಸಿದರು, ಇಲಾಖೆಯವರು ಸಭೆಯಲ್ಲಿ ಹೊಗಳಿದರು. ಹದಿಹರೆಯದಲ್ಲಿ ದೇಹದ ಗಡಿಯಾರ ತಾನಾಗಿಯೇ ತಡವಾಗುತ್ತದೆ, ನಿದ್ದೆಗೆ ಕರೆಯುವ ಮೆಲಟೋನಿನ್ ದೊಡ್ಡವರಿಗಿಂತ ತಡವಾಗಿ ಸ್ರವಿಸುತ್ತದೆ, ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲಿಯೇ ಎಂಬುದನ್ನೆಲ್ಲ ನಾನು ಓದಿದ್ದು ನಿವೃತ್ತನಾದ ಮೇಲೆ. ರಾತ್ರಿ ಹನ್ನೊಂದಕ್ಕೆ ಮಲಗಿದ ಮಕ್ಕಳನ್ನು ನಾಲ್ಕೂವರೆಗೆ ಎಬ್ಬಿಸಿ, ಹತ್ತೂವರೆಯ ತರಗತಿಯಲ್ಲಿ ತೂಕಡಿಸಿದರೆಂದು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಈಗಲೂ ಅಲ್ಲಲ್ಲಿ ಶಿಕ್ಷಕರು ಹೀಗೆ ಬಾಗಿಲು ಬಡಿಯುವ, ಫೋನ್ ಮಾಡಿ ಎಬ್ಬಿಸುವ ಸುದ್ದಿ ಪತ್ರಿಕೆಯಲ್ಲಿ ಮೆಚ್ಚುಗೆಯೊಂದಿಗೆ ಬರುತ್ತದೆ. ಆ ಉತ್ಸಾಹವನ್ನು ಗೌರವಿಸುತ್ತೇನೆ, ಆ ಪದ್ಧತಿಯನ್ನು ವಿರೋಧಿಸುತ್ತೇನೆ.

ಇವೆಲ್ಲ ಹೊರಗಿನ ಕಾರಣಗಳು. ನಾನು ಹೇಳಹೊರಟದ್ದು ಇದಕ್ಕಿಂತ ಕಷ್ಟದ ಒಂದು ಸಂಗತಿ. ಅದನ್ನು ಇದುವರೆಗೆ ಎಲ್ಲಿಯೂ ಬರೆದಿಲ್ಲ.

ಎಂಬತ್ತರ ದಶಕದಲ್ಲಿ ನಾನು ಹೊನ್ನಾಳಿಯಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು, ಮಿತಭಾಷಿ, ಕರಿಹಲಗೆಯ ಮೇಲೆ ಅವರು ಕೈಯಿಂದಲೇ ಎಳೆಯುತ್ತಿದ್ದ ವೃತ್ತ ಕೈವಾರದಿಂದ ಎಳೆದಂತಿರುತ್ತಿತ್ತು. ಒಂದು ಮಳೆಗಾಲದಲ್ಲಿ ಅವರು ಪ್ರತಿದಿನ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತ ಒಂದೇ ಮಾತು ಹೇಳತೊಡಗಿದರು: ‘ಮೂರು ಗಂಟೆಗೆ ಎಚ್ಚರ ಆಗ್ತದೆ ಮೇಷ್ಟ್ರೇ. ಆಮೇಲೆ ರೆಪ್ಪೆ ಅಂಟಲ್ಲ.’ ನಾವೆಲ್ಲರೂ ಸಲಹೆ ಕೊಡುವುದರಲ್ಲಿ ಪ್ರವೀಣರು. ಒಬ್ಬರು ಹಾಲಿಗೆ ಜಾಯಿಕಾಯಿ ತೇದು ಕುಡಿಯಿರಿ ಎಂದರು, ಇನ್ನೊಬ್ಬರು ಅಂಗಾಲಿಗೆ ಹರಳೆಣ್ಣೆ ತಿಕ್ಕಿಸಿಕೊಳ್ಳಿ ಎಂದರು. ಗಸಗಸೆ ಪಾಯಸದ ಸಲಹೆ ನನ್ನದು. ನಡುನಡುವೆ ಅವರು ಬೇರೆ ಮಾತುಗಳನ್ನೂ ಆಡಿದ್ದರು. ಊಟ ರುಚಿಸುತ್ತಿಲ್ಲ, ಸುಲಭದ ಲೆಕ್ಕ ತಪ್ಪುತ್ತಿದೆ, ನನ್ನಿಂದ ಮಕ್ಕಳಿಗೇನು ಉಪಯೋಗ ಎಂದು. ಅವುಗಳನ್ನು ನಾವು ವಿನಯವೆಂದು ತಿಳಿದೆವು. ದಸರಾ ರಜೆ ಮುಗಿದು ಶಾಲೆ ತೆರೆದಾಗ ಅವರಿರಲಿಲ್ಲ. ತಮ್ಮ ಬದುಕನ್ನು ತಾವೇ ಮುಗಿಸಿಕೊಂಡಿದ್ದರು.

ಮನೆಯವರು ಹೃದಯಾಘಾತವೆಂದರು. ನಾವೂ ಹಾಗೆಯೇ ಅಂದೆವು. ಆತ್ಮಹತ್ಯೆಗೆ ಯತ್ನಿಸುವುದೇ ಶಿಕ್ಷಾರ್ಹ ಅಪರಾಧವಾಗಿದ್ದ ಕಾಲ ಅದು. ತೀವ್ರ ಮಾನಸಿಕ ಒತ್ತಡದಲ್ಲಿದ್ದವನು ಹಾಗೆ ಮಾಡಿದನೆಂದು ಭಾವಿಸಬೇಕು, ಅವನಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕು ಎಂದು ಹೇಳುವ ಕಾನೂನು ಬಂದದ್ದು 2017ರಲ್ಲಿ. ಸಂತಾಪ ಸಭೆಯಲ್ಲಿ ಅವರ ವೃತ್ತಗಳ ಬಗ್ಗೆ ನಾನು ಹತ್ತು ನಿಮಿಷ ಮಾತನಾಡಿದೆ. ಮಕ್ಕಳು ಅತ್ತರು.

ಎಷ್ಟೋ ವರ್ಷಗಳ ಮೇಲೆ, ನನ್ನದೇ ತೊಂದರೆಗಾಗಿ ವೈದ್ಯರ ಮುಂದೆ ಕುಳಿತಿದ್ದಾಗ, ಅಭ್ಯಾಸಕ್ಕಿಂತ ಎರಡು ಗಂಟೆ ಮೊದಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಮುಂಜಾನೆ ಮನಸ್ಸು ಅತ್ಯಂತ ಭಾರವಾಗಿರುವುದು ಖಿನ್ನತೆಯ ಹಳೆಯ ಲಕ್ಷಣಗಳೆಂದು ಅವರು ಹೇಳಿದರು. ನಾನು ಆ ಕ್ಷಣ ಅವರ ಮಾತನ್ನು ಕೇಳುತ್ತಿರಲಿಲ್ಲ. ಹೊನ್ನಾಳಿಯ ಹಾಜರಿ ಪುಸ್ತಕ ಕಣ್ಣ ಮುಂದಿತ್ತು. ಅವರು ಪ್ರತಿದಿನ ನಮಗೆ ಹೇಳಿಯೇ ಇದ್ದರು. ನಾವು ಕೇಳಿದ್ದು ಕೇವಲ ನಿದ್ದೆಯ ದೂರನ್ನು.

ನನ್ನ ಅಭಿಪ್ರಾಯ ಇಷ್ಟೆ. ನಮ್ಮ ಕಡೆಯ ಮಾತಿನಲ್ಲಿ ‘ನಿದ್ದೆ ಬರಲ್ಲ’ ಎಂಬುದು ಅನೇಕ ವೇಳೆ ನಿದ್ದೆಯ ವಿಷಯವೇ ಅಲ್ಲ. ಮನಸ್ಸಿನ ನೋವನ್ನು ಮಾನ ಕಳೆದುಕೊಳ್ಳದೆ ಹೇಳಿಕೊಳ್ಳಲು ನಮ್ಮ ಬಳಿ ಇರುವ ಮರ್ಯಾದಸ್ಥ ಮಾತು ಅದೊಂದೇ. ‘ನನಗೆ ಬದುಕುವ ಆಸೆ ಹೋಗಿದೆ’ ಎಂದು ಗಂಡಸು ಹೇಳಲಾರ, ‘ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ’ ಎಂದು ಸೊಸೆ ಹೇಳಲಾರಳು. ‘ಹುಚ್ಚು’ ಎಂಬ ಒಂದೇ ಪದದ ಭಯದಿಂದ ಎಲ್ಲ ಬಾಗಿಲುಗಳೂ ಮುಚ್ಚಿವೆ. ನಿದ್ದೆಯ ಬಾಗಿಲು ಮಾತ್ರ ತೆರೆದಿದೆ. ಅದನ್ನು ತಟ್ಟಿದವನಿಗೆ ನಾವು ಜಾಯಿಕಾಯಿಯನ್ನೋ ಗುಳಿಗೆಯನ್ನೋ ಕೊಟ್ಟು ಕಳುಹಿಸಿ, ಇದ್ದ ಒಂದನ್ನೂ ಮುಚ್ಚುತ್ತೇವೆ.

ಇದನ್ನು ನನಗಿಂತ ಚೆನ್ನಾಗಿ ತಿಳಿದವಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಚನ್ನಗಿರಿಯಲ್ಲಿ ನನ್ನ ತರಗತಿಯಲ್ಲಿದ್ದವಳು, ಜಗಳೂರು ತಾಲ್ಲೂಕಿನ ಹಳ್ಳಿಗೆ ಮದುವೆಯಾಗಿ ಹೋದವಳು, ಅಲ್ಲಿ ಆಶಾ ಕಾರ್ಯಕರ್ತೆಯಾಗಿದ್ದಾಳೆ. ದೀಪಿಕಾ ಪಡುಕೋಣೆಯವರು 2015ರಲ್ಲಿ ಸ್ಥಾಪಿಸಿದ ‘ಲಿವ್ ಲವ್ ಲಾಫ್’ ಪ್ರತಿಷ್ಠಾನವು, ಅಂಗವಿಕಲರಿಗಾಗಿ 1959ರಿಂದ ದುಡಿಯುತ್ತಿರುವ ಬೆಂಗಳೂರಿನ ಎ.ಪಿ.ಡಿ. ಸಂಸ್ಥೆಯೊಂದಿಗೆ ಕೂಡಿ, 2016ರಲ್ಲಿ ತನ್ನ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿದ್ದು ನಮ್ಮ ದಾವಣಗೆರೆ ಜಿಲ್ಲೆಯಲ್ಲಿಯೇ. ಜಗಳೂರು ಅದರಲ್ಲಿತ್ತು, ಮುಂದೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳೂ ಸೇರಿದವು. ಚಿತ್ರತಾರೆಯ ಹೆಸರು ಕೇಳಿ ನಾನು ಮೊದಲು ಮೂಗು ಮುರಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಆ ಕೆಲಸದ ತಿರುಳು ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ಗುರುತಿಸುವುದನ್ನು ಕಲಿಸುವುದು, ಕಾಯಿಲೆಯವರನ್ನು ಸರ್ಕಾರಿ ವೈದ್ಯರ ಬಳಿಗೆ ತಲುಪಿಸುವುದು, ಔಷಧಿ ತಪ್ಪದಂತೆ ಮನೆಗೆ ಹೋಗಿ ವಿಚಾರಿಸುವುದು.

ಬೀಗರ ಮನೆಯ ಮದುವೆಯಲ್ಲಿ ಸಿಕ್ಕಾಗ ಅವಳು ಹೇಳಿದ ಮಾತನ್ನು ಮನೆಗೆ ಬಂದು ಬರೆದಿಟ್ಟುಕೊಂಡೆ. ‘ಮನಸ್ಸಿಗೆ ಬೇಜಾರೇನಮ್ಮಾ ಅಂತ ಕೇಳಿದ್ರೆ ಬಾಗ್ಲು ಹಾಕ್ಕೊಂಡ್ಬಿಡ್ತಾರೆ ಸಾರ್. ರಾತ್ರಿ ನಿದ್ದೆ ಬರುತ್ತಾ ಅಂತ ಕೇಳಿದ್ರೆ ಒಳಗೆ ಕರೆದು ಚಾಪೆ ಹಾಸ್ತಾರೆ.’

‘ಆಮೇಲೆ ಏನು ಕೇಳ್ತೀಯಮ್ಮ?’ ಎಂದೆ.

‘ಎಚ್ಚರ ಆದಾಗ ಏನು ನೆನಪಾಗುತ್ತೆ ಅಂತ ಕೇಳ್ತೀನಿ. ಅದಾದ್ಮೇಲೆ ನಾನೇನೂ ಕೇಳೋದೇ ಬೇಡ ಸಾರ್, ಸುಮ್ನೆ ಕೂತಿರೋದಷ್ಟೇ.’

ಎರಡನೆಯ ಆ ಪ್ರಶ್ನೆಯನ್ನು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಹನ್ನೊಂದು ಜನ ಪದವೀಧರರಲ್ಲಿ ಒಬ್ಬರೂ ಕೇಳಿರಲಿಲ್ಲ.

ಹಾಗೆ ನೋಡಿದರೆ ಹಳ್ಳಿಯ ಆರೋಗ್ಯ ಕಾರ್ಯಕರ್ತರ ಮೂಲಕವೇ ಮನೋರೋಗಕ್ಕೆ ಆರೈಕೆ ಕೊಡಬಹುದೆಂಬ ವಿಚಾರ ನಮ್ಮ ನೆರೆಯಲ್ಲೇ ಬೆಳೆದದ್ದು. ಜಗಳೂರಿನ ಪಕ್ಕದ ಕೂಡ್ಲಿಗಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹೊನ್ನಾಳಿಯ ನಮ್ಮ ಮೇಷ್ಟ್ರು ರೆಪ್ಪೆ ಅಂಟದೆ ಮಲಗಿದ್ದ ದಶಕದಲ್ಲಿಯೇ, ಒಂದು ಜಿಲ್ಲೆಯಾಚೆ, ಹಳ್ಳಿಯ ದಾದಿಯರು ಇದನ್ನು ಕಲಿಯುತ್ತಿದ್ದರು. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ಸಿಕ್ಕಿರಲಿಲ್ಲ.

ಉಕ್ಕಡಗಾತ್ರಿಗೆ ಹೋಗುವವರನ್ನು ನಾನು ಹೀಯಾಳಿಸುವುದಿಲ್ಲ. ಹರಿಹರ ತಾಲ್ಲೂಕಿನ ಆ ಹೊಳೆದಂಡೆಯ ಅಜ್ಜಯ್ಯನ ಸನ್ನಿಧಿಯಲ್ಲಿ ಮನಸ್ಸು ಕೆಟ್ಟವರನ್ನು ಕರೆದುಕೊಂಡು ಬಂದ ಎಷ್ಟೋ ಕುಟುಂಬಗಳನ್ನು ನೋಡಿದ್ದೇನೆ. ಮನೆಯವರು ಕೆಲಸ ಬಿಟ್ಟು ಆ ವ್ಯಕ್ತಿಯ ಜೊತೆಗೆ ಕೂರುತ್ತಾರೆ, ಅದೇ ದೊಡ್ಡದು. ಹೋಗಿ ಬಂದ ಮೇಲೆ ವೈದ್ಯರ ಬಳಿಗೂ ಹೋಗಿ ಎಂಬುದಷ್ಟೇ ನನ್ನ ಬೇಡಿಕೆ.

ನನ್ನ ಸ್ವಂತ ಕಥೆ ಚಿಕ್ಕದು. 2017ರಲ್ಲಿ ನಿಮ್ಮ ಅಮ್ಮನವರು (ನನ್ನ ವಿದ್ಯಾರ್ಥಿಗಳೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದಿರಿ) ತೀರಿಕೊಂಡ ಬಳಿಕ ನನ್ನ ನಿದ್ದೆ ಹೋಯಿತು. ಪರಿಚಯದ ಔಷಧಿ ಅಂಗಡಿಯಲ್ಲಿ ಹೇಳಿದೆ, ಚೀಟಿ ಕೇಳದೆ ಒಂದು ಸಣ್ಣ ಗುಳಿಗೆ ಕೊಟ್ಟರು, ಆಲ್ಪ್ರಜೊಲಾಮ್. ಮೊದಲ ರಾತ್ರಿ ಬಾವಿಗೆ ಕಲ್ಲು ಹಾಕಿದಂತೆ ನಿದ್ದೆ. ಆರು ತಿಂಗಳಿಗೆ ಒಂದು ಸಾಲದಾಯಿತು. ಎರಡು ವರ್ಷದ ಮೇಲೆ, 2019ರಲ್ಲಿ, ರಾತ್ರಿ ಬಚ್ಚಲಿಗೆ ಹೋಗಲು ಎದ್ದವನು ತಲೆಸುತ್ತಿ ಅಂಗಳದಲ್ಲಿ ಬಿದ್ದೆ. ವಯಸ್ಸಾದವರು ಈ ಗುಳಿಗೆ ನುಂಗಿ ಬೀಳುವುದು ಹೊಸದೇನಲ್ಲವಂತೆ.

‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಸರ್ಕಾರದ್ದು. ಮಗನ ಬಲವಂತಕ್ಕೆ ಹೋದೆ. ಹಳೆಯ ವಿದ್ಯಾರ್ಥಿ ಯಾರಾದರೂ ನೋಡಿಯಾರೆಂದು ಟವೆಲನ್ನು ತಲೆಗೆ ಸುತ್ತಿಕೊಂಡು ಕುಳಿತಿದ್ದೆ. ಪಕ್ಕದಲ್ಲಿ ಕುಳಿತವನೇ ‘ನಮಸ್ಕಾರ ಸಾರ್, ನೀವೂ ಬಂದಿದೀರಾ’ ಎಂದ. ಅಲ್ಲಿಗೆ ನನ್ನ ನಾಚಿಕೆಯೂ ಮುಗಿಯಿತು.

ವೈದ್ಯರು ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಬಾರದೆಂದು ಗಟ್ಟಿಯಾಗಿ ಹೇಳಿದರು. ಒಮ್ಮೆಗೇ ಬಿಟ್ಟರೆ ನಡುಕ, ಭಯ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಐದು ತಿಂಗಳಲ್ಲಿ ಕಾಲು ಕಾಲು ಭಾಗವಾಗಿ ಇಳಿಸಿದರು. ಜೊತೆಗೆ ಒಂದು ನೋಟುಪುಸ್ತಕ ಇಡಿಸಿದರು. ಯಾವಾಗ ಮಲಗಿದೆ, ಅಂದಾಜು ಯಾವಾಗ ನಿದ್ದೆ ಹತ್ತಿತು, ಯಾವಾಗ ಎದ್ದೆ. ಹದಿನೈದು ದಿನದ ಲೆಕ್ಕ ನೋಡಿದರೆ ನಾನು ರಾತ್ರಿ ಎಂಟೂವರೆಗೇ ಹಾಸಿಗೆ ಸೇರಿ ಬೆಳಿಗ್ಗೆ ಆರರವರೆಗೆ ಒಂಬತ್ತೂವರೆ ಗಂಟೆ ಅಲ್ಲಿರುತ್ತಿದ್ದೆ, ನಿದ್ರಿಸುತ್ತಿದ್ದುದು ಐದು ಗಂಟೆ. ‘ಮೇಷ್ಟ್ರೇ, ನಿಮಗೆ ನಿದ್ದೆ ಕಡಿಮೆಯಿಲ್ಲ, ಹಾಸಿಗೆ ಹೆಚ್ಚಾಗಿದೆ’ ಎಂದು ನಕ್ಕರು. ರಾತ್ರಿ ಹನ್ನೊಂದರವರೆಗೆ ಹಾಸಿಗೆಯ ಕಡೆ ಸುಳಿಯಕೂಡದು, ಬೆಳಿಗ್ಗೆ ಐದಕ್ಕೆ ಏಳಲೇಬೇಕು, ಹಗಲು ಮಲಗಕೂಡದು. ನಡುವೆ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಪಡಸಾಲೆಗೆ ಹೋಗಬೇಕು, ಕಣ್ಣು ಎಳೆದಾಗ ಮಾತ್ರ ಮರಳಬೇಕು, ಗಡಿಯಾರ ನೋಡಕೂಡದು. ಹಾಸಿಗೆ ಎಂದರೆ ಹೊರಳಾಟ ಎಂದು ಮನಸ್ಸು ಕಲಿತ ಪಾಠವನ್ನು ಅಳಿಸಿ, ಹಾಸಿಗೆ ಎಂದರೆ ನಿದ್ದೆ ಎಂದು ಹೊಸದಾಗಿ ಬರೆಸುವುದು ಇದರ ಉದ್ದೇಶ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿಯೂ, ಹಾಸಿಗೆಯ ವೇಳೆಯನ್ನು ಕಡಿತಗೊಳಿಸುವ ವಿಧಾನವನ್ನು ಆರ್ಥರ್ ಸ್ಪೀಲ್ಮನ್ 1987ರಲ್ಲಿಯೂ ತೋರಿಸಿಕೊಟ್ಟರು. ದೀರ್ಘಕಾಲದ ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಈ ಬಗೆಯ ವರ್ತನಾ ಚಿಕಿತ್ಸೆಯನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಹೇಳಿತು. ಮೊದಲ ಎರಡು ವಾರ ನರಕ, ಅದನ್ನು ಮುಚ್ಚಿಡುವುದಿಲ್ಲ. ಫಿಟ್ಸ್ ಇರುವವರು, ಉನ್ಮಾದದ ಕಾಯಿಲೆಯವರು, ವಾಹನ ಓಡಿಸುವವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಆದರೆ ಆ ವೈದ್ಯರು ನೋಟುಪುಸ್ತಕ ಕೇಳುವುದಕ್ಕೂ ಮೊದಲು, ಜಗಳೂರಿನ ನನ್ನ ಶಿಷ್ಯೆಯ ಪ್ರಶ್ನೆಯನ್ನೇ ಕೇಳಿದ್ದರು. ಎಚ್ಚರವಾದಾಗ ಏನು ನೆನಪಾಗುತ್ತದೆ? ನಾನು ಅವಳ ಬಗ್ಗೆ, ಅಂದರೆ ನನ್ನ ಹೆಂಡತಿಯ ಬಗ್ಗೆ, ಮೊದಲ ಬಾರಿಗೆ ಪೂರ್ತಿ ಮಾತನಾಡಿದ್ದು ಆ ಮಂಗಳವಾರ, ಹೊರಗೆ ನಲವತ್ತು ಜನ ಕಾಯುತ್ತಿರುವಾಗ. ಗುಳಿಗೆಯ ಎರಡು ವರ್ಷಗಳಲ್ಲಿ ನಾನು ಅತ್ತಿರಲೇ ಇಲ್ಲ.

ಎಲ್ಲ ನಿದ್ರಾಹೀನತೆಯೂ ಮನಸ್ಸಿನಿಂದಲೇ ಬರುತ್ತದೆಂದು ಇದರಿಂದ ತಿಳಿಯಬೇಡಿ. ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ಕಟ್ಟಿ, ಹಗಲೆಲ್ಲ ತೂಕಡಿಸುವವರದು ಬೇರೆ ಕಾಯಿಲೆ. ನಾಲ್ಕು ಸಲ ಮೂತ್ರಕ್ಕೆಂದು ಏಳುವವರು ಸಕ್ಕರೆಯನ್ನೂ ಪ್ರಾಸ್ಟೇಟನ್ನೂ ತೋರಿಸಿಕೊಳ್ಳಲಿ. ಥೈರಾಯ್ಡ್ ಹೆಚ್ಚಾದರೂ ನಿದ್ದೆ ಕೆಡುತ್ತದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆಯಾದ ಹೆಂಗಸರಿಗೆ ರಾತ್ರಿ ಕಾಲು ಸೆಳೆದಂತಾಗಿ ನಿದ್ದೆ ಹತ್ತುವುದಿಲ್ಲ. ಸಂಜೆ ಕುಡಿದ ಕಾಫಿಯ ಅರ್ಧ ಭಾಗ ಐದು ಗಂಟೆ ಕಳೆದರೂ ಮೈಯಲ್ಲಿ ಇರುತ್ತದೆ. ಮದ್ಯ ಮೊದಲ ಜಾವದ ನಿದ್ದೆ ಕೊಟ್ಟು ಕಡೆಯ ಜಾವದ್ದನ್ನು ಕಸಿಯುತ್ತದೆ. ಇನ್ನು, ಮೂರೇ ಗಂಟೆ ನಿದ್ರಿಸಿಯೂ ದಣಿವೇ ಇಲ್ಲದೆ, ವಿಪರೀತ ಉಲ್ಲಾಸದಲ್ಲಿ ಎಡೆಬಿಡದೆ ಮಾತನಾಡುವವನನ್ನು ಕಂಡರೆ ಮೆಚ್ಚಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮೊಬೈಲನ್ನು ಬೈಯುವುದೆಂದರೆ ನಿವೃತ್ತ ಮೇಷ್ಟ್ರುಗಳಿಗೆ ಬಲು ಪ್ರೀತಿ. ನಾನು ಅಷ್ಟಾಗಿ ಬೈಯಲಾರೆ. ರಾತ್ರಿ ಒಂದರವರೆಗೆ ಪರದೆ ನೋಡುವ ಹುಡುಗನ ನಿದ್ದೆಯನ್ನು ಅದು ಕೆಡಿಸುತ್ತದೆ, ನಿಜ. ಆದರೆ ಎಷ್ಟೋ ಸಲ ಅವನು ನಿದ್ದೆ ಬಾರದ್ದಕ್ಕೇ ಅದನ್ನು ನೋಡುತ್ತಿರುತ್ತಾನೆ. ಕತ್ತಲಲ್ಲಿ ತನ್ನ ಯೋಚನೆಯೊಂದಿಗೆ ಒಬ್ಬನೇ ಇರಲಾರದೆ. ಫೋನು ಕಿತ್ತುಕೊಂಡ ತಂದೆ ಅವನಿಗೆ ಏನನ್ನೂ ಕೇಳಿರುವುದಿಲ್ಲ. ಅದೇ ಫೋನಿನಲ್ಲಿ 14416 ಎಂದು ಒತ್ತಿದರೆ ಟೆಲಿ ಮಾನಸ್ ಸಿಗುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ. ಬದುಕು ಬೇಡವೆನಿಸಿದ ರಾತ್ರಿ ಬೆಳಗಾಗಲಿ ಎಂದು ಕಾಯಬಾರದು. ಆ ಸಂಖ್ಯೆಯನ್ನು ನಾನು ಕ್ಯಾಲೆಂಡರಿನ ಪಕ್ಕದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಸುಣ್ಣ ಹೊಡೆಸುವಾಗ ಸೊಸೆ ಅದೊಂದು ಜಾಗ ಬಿಡಿಸಿದಳು.

ಈಗ ನನ್ನ ನಿದ್ದೆ ಐದೂವರೆ ಗಂಟೆ, ಅದೂ ಎರಡು ತುಂಡು. ಎಪ್ಪತ್ತೇಳು ದಾಟಿದವನಿಗೆ ಅದು ಸಾಕಾಗಿದೆ. ವೈದ್ಯರ ಅಪ್ಪಣೆಯಂತೆ ಹನ್ನೊಂದರವರೆಗೆ ಪಡಸಾಲೆಯಲ್ಲಿಯೇ ಕುಳಿತಿರಬೇಕು. ಮನೆಯವರೆಲ್ಲ ಹತ್ತಕ್ಕೇ ಮಲಗುತ್ತಾರೆ, ಓದಲು ಕಣ್ಣು ಅಷ್ಟು ಹೊತ್ತು ಸಹಕರಿಸುವುದಿಲ್ಲ. ಹಿಂದೆ ಒಂಬತ್ತರ ಮೇಲೆ ಕರೆ ಮಾಡಿದವರನ್ನು ಗದರಿದ್ದುಂಟು, ಅದನ್ನು ಮರೆತುಬಿಡಿ. ಹತ್ತರಿಂದ ಹನ್ನೊಂದರ ನಡುವೆ ಯಾರು ಬೇಕಾದರೂ ಮಾಡಬಹುದು. ನಿದ್ದೆಯ ವಿಷಯದಿಂದಲೇ ಆರಂಭಿಸಿದರೂ ಆಯಿತು.